ಗ್ಯಾಸ್ಟ್ರಿಕ್ ಎಂದು ಕಳಿಸಿದ್ದು ಹಾರ್ಟ್ ಅಟ್ಯಾಕ್ ಆಗಿದ್ದರೆ

ಡಾಕ್ಟ್ರೇ, ಗ್ಯಾಸ್ಟ್ರಿಕ್ ಎಂದು ಮನೆಗೆ ಕಳಿಸಿದ ರೋಗಿಗೆ ಹಾರ್ಟ್ ಅಟ್ಯಾಕ್ ಆಗಿತ್ತು, ಎಡವಿದ್ದು ಎಲ್ಲಿ ಎಂದು ಕೇಳಿದ್ದೀರಿ. ಬಹುಶಃ ಎಡವಿದ್ದು ಒಂದೇ ಇಸಿಜಿಗೆ (ಹೃದಯದ ವಿದ್ಯುತ್ ಚಟುವಟಿಕೆಯ ದಾಖಲೆ) ನಿಲ್ಲಿಸಿದ್ದರಲ್ಲಿ. ಮಂಡ್ಯದ ನಿಮ್ಮ ಕ್ಯಾಶುಯಾಲ್ಟಿಗೆ ಹೊಟ್ಟೆಯುರಿ ಎಂದು ಬಂದ 52 ವರ್ಷದ ರೈತರ ಮೊದಲ ಇಸಿಜಿ ನಾರ್ಮಲ್ ಇತ್ತು ಅಂದಿರಿ. ಆ ಇಸಿಜಿ ನಾನು ನೋಡಿಲ್ಲ, ಖಚಿತವಾಗಿ ಹೇಳಲಾರೆ. ಆದರೆ ಹೃದಯದ ಕೆಳಭಾಗದ ಅಟ್ಯಾಕ್ ಹೊಟ್ಟೆಯುರಿಯ ಹಾಗೇ ಬರಬಹುದು.

ಮುಂದೆ ಇಂಥವರು ಬಂದರೆ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಿರಿ. ನೋವಿದ್ದರೆ ಮೊದಲ ಒಂದು ಗಂಟೆ 15-30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಿರಿ. ಅನುಮಾನ ಉಳಿದರೆ ಇಸಿಜಿಯನ್ನು ಬೆನ್ನಿನ ಕಡೆಯಿಂದ ತೆಗೆಯುವ ವಿ7ರಿಂದ ವಿ9 ಲೀಡ್‌ಗಳನ್ನೂ ನೋಡಿ. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಮೊದಲ ಗಂಟೆಗಳಲ್ಲಿ ನೆಗೆಟಿವ್ ಬರಬಹುದು. ಸಾಮಾನ್ಯ ಕಿಟ್ ಆದರೆ 3-6 ಗಂಟೆ ಬಿಟ್ಟು ಇನ್ನೊಮ್ಮೆ ಮಾಡಿಸಿ, ಅಲ್ಲಿಯವರೆಗೆ ಮನೆಗೆ ಕಳಿಸಬೇಡಿ. ಆಂಟಾಸಿಡ್‌ಗೆ ಉರಿ ಇಳಿಯಿತು ಅನ್ನೋದನ್ನು ದಯವಿಟ್ಟು ನಂಬಬೇಡಿ. ನನ್ನ ಡ್ಯೂಟಿಯಲ್ಲಿ ಒಬ್ಬರು "ಬಾಡೂಟ ಜಾಸ್ತಿ ಆಯ್ತು ಡಾಕ್ಟ್ರೇ" ಅಂದರು. ಚಳಿಗಾಲದ ರಾತ್ರಿ, ಅಂಗಿಯ ಬೆನ್ನು ಪೂರ್ತಿ ಬೆವರಿನಿಂದ ಒದ್ದೆ. ಎರಡನೇ ಇಸಿಜಿಯಲ್ಲಿ ಅಟ್ಯಾಕ್ ಕಂಡಿತು.

ನಿಮಗಿರುವ ಕೋರ್ಟ್ ಕೇಸಿನ ಭಯದ ಬಗ್ಗೆ: ತೀರ್ಮಾನ ತಪ್ಪಿದ ಮಾತ್ರಕ್ಕೆ ಅದು ನಿರ್ಲಕ್ಷ್ಯವಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಎಂಬ ವೈದ್ಯರ ಪ್ರಕರಣದಲ್ಲಿ ಹೇಳಿದೆ. ಆದರೆ ಆ ರೋಗಿಯ ಹಳೆಯ ಕೇಸ್ ಶೀಟಿಗೆ (ಚಿಕಿತ್ಸೆಯ ದಾಖಲೆಗೆ) ಈಗ ಒಂದಕ್ಷರವನ್ನೂ ಸೇರಿಸಬೇಡಿ. ಅದರ ಜೆರಾಕ್ಸ್ ಇಟ್ಟುಕೊಂಡು ಇವತ್ತೇ ನಿಮ್ಮ ಮೇಲಿನವರಿಗೆ ತಿಳಿಸಿ, ವೈದ್ಯರಾಗಿ ನಿಮಗೆ ಇನ್ಶೂರೆನ್ಸ್ ಇದ್ದರೆ ಆ ಕಂಪನಿಗೂ.