ಸೀತನಿಯ ಕವಿತೆಯಲ್ಲಿರುವುದು ಭೋಗವೇ?

ಜೇವರ್ಗಿ ತಾಲ್ಲೂಕಿನ ಹಿರಿಯ ಓದುಗರಿಗೆ, ಶರಣು ಶರಣಾರ್ಥಿ.

ಕಳೆದ ಸಂಚಿಕೆಯ ನಾಲ್ಕು ಸಾಲಿನ ಕವಿತೆಯನ್ನು ಕುರಿತ ತಮ್ಮ ಪತ್ರ ತಲುಪಿದೆ. ‘ನೆರೆ ಕೆನ್ನೆಗೆ, ತೆರೆ ಗಲ್ಲಕೆ’ ಬರುವ ಮುನ್ನವೇ, ಅಂದರೆ ಮುಪ್ಪು ಮುಟ್ಟುವ ಮೊದಲೇ, ದೇವರನ್ನು ಪೂಜಿಸು ಎಂದು ಬಸವಣ್ಣನವರು ವಚನದಲ್ಲಿ ಎಚ್ಚರಿಸಿದ ನಾಡಿನಲ್ಲಿ, ಗಳಿಗೆಯ ನಾಲಿಗೆ ರುಚಿಗೆ ಹಂಬಲಿಸುವ ಕವಿತೆಗೆ ಜಾಗ ಕೊಟ್ಟದ್ದೇಕೆ ಎಂದು ತಾವು ಕೇಳಿದ್ದೀರಿ. ಕವಿತೆ ಇದು:

ಕೈಯಾಗ ಇನ್ನಾ ಸೀತನಿ ಹೊಗಿ ವಾಸನಿ,
ಹೊಲದಾಗಿನ ಹಾಲ್ಗಾಳು ಗಟ್ಟಿ ಆದವು;
ಇನ್ನೊಂದ್ ಬೊಗಸಿ ತಿಕ್ಕಿ ಕೊಡು ಯವ್ವಾ,
ಹೊತ್ತು ಮುಳಗೂತನಕ ಕೂಡ್ತೀನಿ.

ಕಲಬುರಗಿಯ ಎರೆಹೊಲದವರಿಗೆ ಸೀತನಿಯನ್ನು ವಿವರಿಸಬೇಕಿಲ್ಲ. ಆದರೂ ಈಗ ಪಟ್ಟಣದಲ್ಲೇ ಬೆಳೆಯುತ್ತಿರುವ ಓದುಗರಿಗಾಗಿ ಹೇಳುತ್ತೇನೆ. ಹಿಂಗಾರಿ ಜೋಳದ ತೆನೆಯಲ್ಲಿ ಕಾಳು ಹಾಲು ತುಂಬಿಕೊಂಡು ಮೆತ್ತಗಿರುವುದು ಕೆಲವೇ ದಿನ. ಆಗಲೇ ಅದನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈ ಚುರುಗುಟ್ಟುವಷ್ಟು ಬಿಸಿಯಿರುವಾಗಲೇ ತಿಕ್ಕಿ, ಹೊಟ್ಟು ಊದಿ, ಬೆಲ್ಲವನ್ನೋ ಶೇಂಗಾ ಹಿಂಡಿಯನ್ನೋ ಕೂಡಿಸಿ ತಿನ್ನಬೇಕು. ತಿಕ್ಕುವವರು ಒಬ್ಬರು, ತಿನ್ನುವವರು ಇನ್ನೊಬ್ಬರು. ಹೀಗಾಗಿ ಈ ರುಚಿ ಮತ್ತೊಬ್ಬರ ಸುಟ್ಟ ಅಂಗೈಯಿಂದಲೇ ಬರಬೇಕಾದದ್ದು. ಕವಿ ತಾಯಿಯನ್ನು ಕರೆದದ್ದು ಇದಕ್ಕಾಗಿ ಎಂದು ನನಗೆ ತೋರುತ್ತದೆ.

ತಮ್ಮ ಆಕ್ಷೇಪಕ್ಕೆ ಉತ್ತರ ಎರಡನೆಯ ಸಾಲಿನಲ್ಲಿದೆ. ಕಾಳು ಗಟ್ಟಿಯಾದ ಮೇಲೆ ಯಾವ ತಾಯಿಯೂ ಸೀತನಿ ತಿಕ್ಕಿ ಕೊಡಲಾರಳು, ಹೊಲದಲ್ಲೇ ಬೆಳೆದ ಕವಿಗೆ ಇದು ಗೊತ್ತು. ಗೊತ್ತಿದ್ದೂ ಕೇಳುತ್ತಾನೆ. ವಚನವು ಇನ್ನೂ ಕಾಲ ಉಳಿದವರೊಡನೆ ಮಾತನಾಡಿದರೆ, ಕವಿತೆಯಲ್ಲಿ ಕಾಲ ಮೀರಿದವನೊಬ್ಬ ಬಾಯಿ ತೆರೆದಿದ್ದಾನೆ. ಇವೆರಡನ್ನು ಎದುರಾಳಿಗಳಾಗಿ ನಿಲ್ಲಿಸಲು ನನಗೆ ಮನಸ್ಸು ಬಾರದು. ಆ ವಚನವನ್ನೇ ಇನ್ನೊಮ್ಮೆ ಓದಿರಿ: ಕೆನ್ನೆ, ಗಲ್ಲ, ಹಲ್ಲು, ಬೆನ್ನು, ಕಾಲ ಮೇಲೆ ಊರಿದ ಕೈ, ಹಿಡಿದ ಕೋಲು ಎಂದು ಬಸವಣ್ಣನವರು ದೇಹವನ್ನು ಎಷ್ಟು ಹತ್ತಿರದಿಂದ ನೋಡಿದ್ದಾರೆ! ಅಳಿಯುವ ದೇಹದ ಮೇಲೆ ಕಕ್ಕುಲಾತಿ ಇಲ್ಲದವರು ಹಾಗೆ ನೋಡಲಾರರು.

ಭೋಗದ ಆಸೆಗೆ ಸಾಕೆಂಬುದಿಲ್ಲ ಎಂದು ತಾವು ಬರೆದಿರುವುದು ನಿಜ. ಆದರೆ ಈ ಕವಿ ಕೇಳಿದ್ದು ಒಂದೇ ಬೊಗಸೆ. ಹೊತ್ತು ಮುಳುಗಬಾರದೆಂದು ಹಟ ಹಿಡಿಯದೆ, ಮುಳುಗುವವರೆಗೆ ಕೂಡುತ್ತೇನೆ ಎಂದು ತನ್ನ ಎಲ್ಲೆಯನ್ನು ತಾನೇ ಹಾಕಿಕೊಂಡಿದ್ದಾನೆ. ಕವಿತೆಯನ್ನು ನಾನು ಆಯ್ದುಕೊಂಡದ್ದು ಈ ಕೊನೆಯ ಸಾಲಿಗಾಗಿ.

ಆ ತಾಯಿ ಬದುಕಿದ್ದಾಳೆಯೇ ಎಂದೂ ಕೇಳಿದ್ದೀರಿ. ಕವಿತೆ ಅದನ್ನು ಹೇಳುವುದಿಲ್ಲ. ಕಾಳು ಗಟ್ಟಿಯಾದರೂ ಹೊಗೆಯ ವಾಸನೆ ಕೈಯಲ್ಲಿ ಉಳಿದಿದೆ ಎಂಬುದರಿಂದ, ಇದು ನೆನಪಿನೊಳಗಿನ ಮಾತು, ಕರೆಗೆ ಓಗೊಡಲು ಅವಳು ಅಲ್ಲಿಲ್ಲ ಎಂದು ನಾನು ಓದಿಕೊಂಡಿದ್ದೇನೆ. ತಾವು ಬೇರೆ ರೀತಿ ಓದಿದರೂ ಕವಿತೆಯ ಸಾಲುಗಳು ಅದಕ್ಕೆ ಅಡ್ಡಿ ಬರುವುದಿಲ್ಲ.

— ಸಂಪಾದಕ