ಮನೇಲೇ ದೊಡ್ಡ ಮಾಡೆಲ್ ರಾಕೆಟ್ ಮಾಡಿ ಹಾರಿಸೋಕಾಗುತ್ತಾ? ಮದ್ದು ಏನ್ ಹಾಕ್ಬೇಕು, ಎಷ್ಟ್ ಮೇಲೆ ಹೋಗುತ್ತೆ?

ಆಗುತ್ತೆ ಗುರು, ನಾವು ಮಾಡಿದ್ವಿ. ಮೈಸೂರಲ್ಲಿ ಇಂಜಿನಿಯರಿಂಗ್ ಓದ್ತಿದ್ದಾಗ ನಾಲ್ಕು ಜನ ಸೇರ್ಕೊಂಡು, ಹಾರಿಸಿದ್ದು ಮಾತ್ರ ಮಂಡ್ಯ ಕಡೆ ಫ್ರೆಂಡ್ ಊರಲ್ಲಿ, ಭತ್ತ ಕೊಯ್ದು ಖಾಲಿ ಬಿದ್ದಿದ್ದ ಗದ್ದೆ ಬಯಲಲ್ಲಿ. ಎರಡು ಸಲ ಹಾರಿಸಿದ್ವಿ, ಒಂದು ಸಲ ನೆಟ್ಟಗೆ ವಾಪಸ್ ಬಂತು. ನೀವು ಮೇಲೆ ಹೋಗೋದರ ಬಗ್ಗೆನೇ ಕೇಳಿದ್ದೀರ, ನಮ್ಮ ಆರು ತಿಂಗಳಲ್ಲಿ ಐದು ತಿಂಗಳು ತಿಂದಿದ್ದು ಅದನ್ನ ಕೆಳಗಿಳಿಸೋ ಕೆಲಸ.

ಮದ್ದಿನ ವಿಷಯ ಮೊದ್ಲೇ ಮುಗಿಸ್ಬಿಡ್ತೀನಿ. ನಾವು ಮಾಡಿಲ್ಲ, ನೀವೂ ಮಾಡ್ಬೇಡಿ, ಕೇಳಿದ್ರೂ ಹೇಳಲ್ಲ. ಲೈಸೆನ್ಸ್ ಇಲ್ದೆ ಮದ್ದು ತಯಾರಿಸೋದು 1884ರ ಸ್ಫೋಟಕ ಕಾಯ್ದೆ ಪ್ರಕಾರ ಅಪರಾಧ, ಅದಕ್ಕಿಂತ ಮುಂಚೆ ಬೆರಳು ಹೋಗುತ್ತೆ. ನಮ್ಮ ಎರಡು ಮೋಟರೂ (ಮದ್ದು ತುಂಬಿ ರೆಡಿಯಾಗಿ ಬರೋ ಕೊಳವೆ) ಲೈಸೆನ್ಸ್ ಇರೋ ಕಂಪನಿಯಿಂದ ಕಾಲೇಜ್ ಲೆಟರ್‌ಹೆಡ್ ಮೇಲೆ ತರಿಸಿದ್ದು. ಪೊಲೀಸು, ಡಿಸಿ ಆಫೀಸು, ಮಂಡಕಳ್ಳಿ ಏರ್‌ಪೋರ್ಟು ಅಂತ ಫೈಲ್ ಹಿಡ್ಕೊಂಡು ಅಲೆದಿದ್ದು ಬೇರೆ ಕತೆ, ಪುಣ್ಯಕ್ಕೆ ನಮ್ಮ ಮೇಷ್ಟ್ರು ಜೊತೆಗಿದ್ರು. ಮೋಟರಿಗೆ ಇಂಗ್ಲಿಷ್ ಅಕ್ಷರದ ಲೆಕ್ಕ ಇದೆ, ಒಂದೊಂದು ಅಕ್ಷರ ಮುಂದೆ ಹೋದಂಗೆಲ್ಲಾ ಶಕ್ತಿ ಡಬಲ್ ಆಗ್ತಾ ಹೋಗುತ್ತೆ, ಎಚ್ ಅಂದ್ರೆ 160ರಿಂದ 320 ನ್ಯೂಟನ್ ಸೆಕೆಂಡ್ (ತಳ್ಳೋ ಬಲ ಗುಣಿಸು ಎಷ್ಟು ಸೆಕೆಂಡ್ ತಳ್ಳುತ್ತೆ ಅನ್ನೋದು), ಹೈ ಪವರ್ ಶುರು ಆಗೋದೇ ಅಲ್ಲಿಂದ. ನಮ್ಮದು 220ರ ಆಸುಪಾಸು. ರಾಕೆಟ್ ತೂಕ ಒಂದೂವರೆ ಕೆಜಿ ಇತ್ತು, ತಳ್ಳೋ ಬಲ ತೂಕದ ಐದು ಪಟ್ಟಾದ್ರೂ ಇರ್ಬೇಕು, ಇಲ್ಲಾಂದ್ರೆ ನೆಟ್ಟಗೆ ನಿಲ್ಲಿಸಿರೋ ಕಂಬಿ ಬಿಟ್ಟು ಮೇಲೇಳೋವಾಗಲೇ ಓಲಾಡುತ್ತೆ.

ರಾಕೆಟ್ ಮೈಗೆ, ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿರ್ತಾರಲ್ಲ ಆ ರಟ್ಟಿನ ಕೊಳವೆ, ಕೇಳಿದ್ರೆ ಬಿಟ್ಟಿ ಕೊಡ್ತಾರೆ. ರೆಕ್ಕೆಗೆ 4 ಎಂಎಂ ಪ್ಲೈವುಡ್ಡು, ಎಪಾಕ್ಸಿ. ಪಿವಿಸಿ ಪೈಪು, ಕಬ್ಬಿಣ ಎರಡೂ ಬೇಡ, ಒಳಗೆ ಮೋಟರ್ ಒಡೆದ್ರೆ ಚೂರುಗಳು ಚಾಕು ಥರ ಹಾರ್ತವೆ.

ರೆಕ್ಕೆ ಯಾಕೆ ಬೇಕು ಅಂತ ಗೊತ್ತಾಗ್ಬೇಕಾದ್ರೆ ದೀಪಾವಳಿ ರಾಕೆಟ್ ನೆನಪಿಸ್ಕೊಳ್ಳಿ. ಕಡ್ಡಿ ಮುರಿದು ಹಚ್ಚಿದ್ರೆ ಅದು ಯಾರ ಮನೆ ಜಗುಲಿಗೆ ನುಗ್ಗುತ್ತೋ ದೇವರೇ ಬಲ್ಲ. ಹೈದರ್, ಟಿಪ್ಪು ಕಾಲದ ನಮ್ಮ ಮೈಸೂರು ರಾಕೆಟ್‌ಗೂ ಕಬ್ಬಿಣದ ಕೊಳವೆ ಜೊತೆ ಉದ್ದನೆ ಬಿದಿರು ಕಟ್ತಿದ್ದಿದ್ದು ಇದಕ್ಕೇ (2018ರಲ್ಲಿ ಶಿವಮೊಗ್ಗ ಜಿಲ್ಲೆ ನಗರದಲ್ಲಿ ಹಾಳುಬಾವಿಯಿಂದ 1000ಕ್ಕೂ ಜಾಸ್ತಿ ಇಂಥ ರಾಕೆಟ್ ಎತ್ತಿದ್ರಲ್ಲ). ನೆಟ್ಟಗೆ ಹೋಗ್ಬೇಕಾದ್ರೆ ಗಾಳಿ ತಳ್ಳೋ ಬಿಂದು ತೂಕದ ಬಿಂದುವಿಗಿಂತ ಹಿಂದೆ ಇರ್ಬೇಕು, ಕೊಳವೆಯ ಅಡ್ಡಳತೆಯಷ್ಟಾದ್ರೂ ಅಥವಾ ಅದರ ಎರಡರಷ್ಟು, ರೆಕ್ಕೆ ಅದನ್ನ ಹಿಂದಕ್ಕೆ ತರುತ್ತೆ. ಓಪನ್‌ರಾಕೆಟ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಲೆಕ್ಕ ಅದೇ ಮಾಡುತ್ತೆ.

ಇಳಿಸೋದಕ್ಕೆ ಪ್ಯಾರಾಚೂಟ್. ಸಂತೇಲಿ ತರಕಾರಿಯವರು ಹಾಕ್ತಾರಲ್ಲ ಆ ದೊಡ್ಡ ಛತ್ರಿ ಬಟ್ಟೇನ 115 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ ಹೊಲಿಸಿದ್ವಿ, ಒಂದೂವರೆ ಕೆಜಿಗೆ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಇಳಿಯುತ್ತೆ. ಬಿಚ್ಚೋದು ಯಾವಾಗ ಅಂತ ಹೇಳೋಕೆ ಆರ್ಡುಯಿನೊ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು, ಗಾಳಿ ಒತ್ತಡ ಅಳೆಯೋ ಬಿಎಂಪಿ 280 ಸೆನ್ಸರು. ಸುಮಾರು 9 ಮೀಟರ್ ಏರಿದ್ರೆ ಗಾಳಿ ಒತ್ತಡ 1 ಹೆಕ್ಟೋಪ್ಯಾಸ್ಕಲ್ ಇಳಿಯುತ್ತೆ, ಒತ್ತಡ ಮತ್ತೆ ಏರೋಕೆ ಶುರು ಆದ್ರೆ ರಾಕೆಟ್ ಇಳೀತಿದೆ ಅಂತ, ತಕ್ಷಣ ಸರ್ವೋ (ಪುಟ್ಟ ಕರೆಂಟ್ ಮೋಟರ್) ತಿರುಗಿ ಪಿನ್ ಎಳೆಯುತ್ತೆ, ಸ್ಪ್ರಿಂಗು ಮೂತೀನ ತಳ್ಳುತ್ತೆ. ಹೊರಗಿನ ಗಾಳಿ ಒತ್ತಡ ಸೆನ್ಸರಿಗೆ ಗೊತ್ತಾಗ್ಲಿ ಅಂತ ಕೊಳವೆಗೆ ಒಂದು 3 ಎಂಎಂ ತೂತು.

ಆ ತೂತೇ ನಮ್ಮನ್ನ ಮುಳುಗಿಸಿದ್ದು. ಹಿಂದಿನ ರಾತ್ರಿ ನಾನೇ, ಬೇರೆ ಯಾರೂ ಅಲ್ಲ, ಫೋಟೋಗೆ ಚೆನ್ನಾಗಿರ್ಲಿ ಅಂತ ಅರಿಶಿನ ಕುಂಕುಮ ಬಣ್ಣ ಇನ್ನೊಂದು ಕೋಟ್ ಹೊಡೆದಿದ್ದೆ. ಬೆಳಿಗ್ಗೆ 7 ಗಂಟೆಗೆ, ಗಾಳಿ ಏಳೋ ಮುಂಚೆ, ಸುತ್ತ ಕೂಳೆ ಕೆತ್ತಿ ನಾಲ್ಕು ಬಿಂದಿಗೆ ನೀರು ಹುಯ್ದು, 60 ಮೀಟರ್ ವೈರ್ ಎಳೆದು ಬೈಕ್ ಬ್ಯಾಟರಿಗೆ ಮುಟ್ಟಿಸಿದ್ವಿ. ಹೋಯ್ತು ನೋಡಿ, ಬಟ್ಟೆ ಹರಿದಂಗೆ ಒಂದು ಸದ್ದು, ಅಷ್ಟೇ, ಕಣ್ಣಿಗೆ ಹೊಗೆ ಗೆರೆ ಮಾತ್ರ. ಎಲ್ಲರೂ ಕೂಗ್ತಿದ್ವಿ. ಆಮೇಲೆ ಮೇಲಿಂದ ಸುಯ್ಯ್ ಅಂತ ಶಬ್ದ ಶುರು ಆಯ್ತು, ಛತ್ರಿ ಇಲ್ಲ, ಏನೂ ಇಲ್ಲ, ಪಕ್ಕದ ಉತ್ತು ನೀರು ಕಟ್ಟಿದ್ದ ಗದ್ದೆಗೆ ಮೂತಿ ಕೆಳಗಾಗಿ ದಪ್ ಅಂತ ನಾಟ್ಕೊಂತು. ಗದ್ದೆ ಯಜಮಾನ್ರು ಬದು ಮೇಲೆ ನಿಂತು "ಯಾವನ್ಲಾ ನನ್ ಗದ್ದೆಗೆ ಗೂಟ ಹೊಡ್ದೋನು" ಅಂದ್ರು. ಕೆಸರು ತೊಳೆದು ಮೆಮೊರಿ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದ್ರೆ ಗ್ರಾಫ್ ಪೂರ್ತಿ ಅಡ್ಡಗೆರೆ. ಬಣ್ಣ ತೂತು ಮುಚ್ಚಿಬಿಟ್ಟಿತ್ತು, ಸೆನ್ಸರ್ ಲೆಕ್ಕದಲ್ಲಿ ರಾಕೆಟ್ ನೆಲ ಬಿಟ್ಟೇ ಇರ್ಲಿಲ್ಲ. ಯಾರಾದ್ರೂ ಕೆಳಗೆ ನಿಂತಿದ್ರೆ ಏನ್ ಗತಿ ಅಂತ ಯೋಚನೆ ಬಂದಿದ್ದು ಆವಾಗ, ಆ ದಿನ ಯಾರಿಗೂ ತಿಂಡಿ ಸೇರ್ಲಿಲ್ಲ.

ಎರಡನೇದಕ್ಕೆ ತೂತು ಮೂರು ಮಾಡಿದ್ವಿ, ಬಣ್ಣ ಬಳಿಯಲೇ ಇಲ್ಲ, ಜೊತೆಗೆ ಸೆನ್ಸರ್ ಏನಾದ್ರೂ ಹೇಳ್ಲಿ 13 ಸೆಕೆಂಡಿಗೆ ಪಿನ್ ಎಳಿ ಅಂತ ಕೋಡಲ್ಲಿ ಹಾಕಿದ್ವಿ. ಈ ಸಲ ಛತ್ರಿ ಬಿಚ್ಕೊಂತು, ಆದ್ರೆ ನೂರು ಸೆಕೆಂಡ್ ಗಾಳೀಲಿ ತೇಲ್ತು ಅಂದ್ರೆ ಸೆಕೆಂಡಿಗೆ 4 ಮೀಟರ್ ಗಾಳಿಗೂ 400 ಮೀಟರ್ ಆಚೆ ಹೋಗುತ್ತೆ, ಮಂಡ್ಯದಲ್ಲಿ 400 ಮೀಟರ್ ಆಚೆ ಏನಿರುತ್ತೆ, ಕಬ್ಬು. ಆಳೆತ್ತರದ ಕಬ್ಬಿನೊಳಗೆ ರವದಿ ಮುಖಕ್ಕೆ ಕೊಯ್ಸ್ಕೊಂಡು ಮುಕ್ಕಾಲು ಗಂಟೆ ಹುಡುಕಿದ್ವಿ, ಒಬ್ಬರಿಗೊಬ್ಬರು ಕಾಣ್ತಿರ್ಲಿಲ್ಲ, ಕೂಗ್ಕೊಂಡೇ ಓಡಾಡ್ತಿದ್ವಿ. ಎಷ್ಟು ಎತ್ತರ ಹೋಯ್ತು ಅಂತ ಬಜರ್ ಅಂಕಿ ಅಂಕಿಯಾಗಿ ಎಣಿಸಿ ಹೇಳೋ ಹಂಗೆ ಮಾಡಿದ್ವಿ. ಒಂದು ಹೊತ್ತಲ್ಲಿ ನಮ್ಮೊಬ್ಬ "ಶ್, ಸುಮ್ನಿರ್ರೋ" ಅಂದ. ಎಡಗಡೆಯಿಂದ ಸಣ್ಣಗೆ ಆರು ಬೀಪು, ಗ್ಯಾಪು, ಒಂದು ಬೀಪು, ಗ್ಯಾಪು, ಎರಡು ಬೀಪು. 612 ಮೀಟರು.