ಹಾರ್ನ್ ಹೊಡೆದರೆ ತಿಮಿಂಗಿಲ ದಾರಿ ಬಿಡುತ್ತದೆಯೇ?

ಕುಮಟಾದ ನಿವೃತ್ತ ಗಣಿತ ಶಿಕ್ಷಕರೊಬ್ಬರ ಪತ್ರ ಬಂದಿದೆ. ಅದರ ಸಾರ ಇಷ್ಟು: "ಕಳೆದ ಸಂಚಿಕೆಯ ಕಿರುಸುದ್ದಿಯಲ್ಲಿ 'ತಿಮಿಂಗಿಲಗಳಿಗೆ ಇನ್ನು ಹಡಗಿನ ಭಯವಿಲ್ಲ' ಎಂದು ಹಾಕಿದ್ದೀರಿ. ಎಐ ಕ್ಯಾಮೆರಾ ಬಂದಿದೆ, ಇನ್ನು ಡಿಕ್ಕಿಯೇ ಆಗುವುದಿಲ್ಲ ಎಂದು ನಾಲ್ಕು ಸಾಲಲ್ಲಿ ಮುಗಿಸಿದ್ದೀರಿ. ನನ್ನ ತಂಗಿಯ ಮಗ ಕಂಟೇನರ್ ಹಡಗಿನಲ್ಲಿದ್ದಾನೆ. ಅವನಿಗೆ ಫೋನಿನಲ್ಲಿ ಓದಿ ಹೇಳಿದೆ. ಜೋರಾಗಿ ನಕ್ಕುಬಿಟ್ಟ. ನನಗೆ ಮೂರು ಸಂಶಯ. ಹಡಗಿನಲ್ಲಿ ರೇಡಾರ್ ಇರುವಾಗ ಅಷ್ಟು ದೊಡ್ಡ ಪ್ರಾಣಿ ಕಾಣುವುದಿಲ್ಲವೇ? ಲಾರಿಯವರ ಹಾಗೆ ಒಂದು ಹಾರ್ನ್ ಹೊಡೆದರೆ ಸಾಲದೇ? ಹಾಗಾದರೆ ನಿಮ್ಮ ಸುದ್ದಿ ನಿಜವೋ, ಬುರುಡೆಯೋ?"

ಸಂಪಾದಕರ ಉತ್ತರ:

ಮಾಸ್ತರ್ರೇ, ಮೊದಲು ತಪ್ಪೊಪ್ಪಿಗೆ. ಆ ತಲೆಬರಹ ಕೊಟ್ಟಿದ್ದು ನಾನೇ. ಪುಟ ಮುಗಿಸುವ ಹೊತ್ತಿಗೆ ಎರಡು ಇಂಚು ಜಾಗ ಖಾಲಿ ಉಳಿದಿತ್ತು. ಸುದ್ದಿ ಸಿಕ್ಕಿತು, ತುಂಬಿಸಿದೆ. ಕ್ಯಾಮೆರಾ ಇರುವುದು ನಿಜ. "ಇನ್ನು ಭಯವಿಲ್ಲ" ಎಂಬುದು ನನ್ನ ಬುರುಡೆ. ನಿಮ್ಮ ಅಳಿಯ ನಕ್ಕಿದ್ದು ಸರಿಯಾಗಿಯೇ ಇದೆ.

ಈಗ ರೇಡಾರ್ ವಿಷಯ. ರೇಡಾರಿನ ಅಲೆ ನೀರಿನೊಳಗೆ ಇಳಿಯುವುದಿಲ್ಲ. ತಿಮಿಂಗಿಲ ಉಸಿರು ತೆಗೆದುಕೊಳ್ಳಲು ಮೇಲೆ ಬಂದಾಗ ಬೆನ್ನಿನ ಒಂದು ಚೂರು ಕಾಣುತ್ತದೆ, ಅಷ್ಟೇ. ಅಲೆಗಳ ನಡುವೆ ಅದೂ ಇನ್ನೊಂದು ಅಲೆಯ ಹಾಗೇ. ಕಣ್ಣಿನಿಂದ ನೋಡೋಣ ಅಂದರೆ ಇನ್ನೊಂದು ತೊಂದರೆ. ದೊಡ್ಡ ಕಂಟೇನರ್ ಹಡಗಿನ ಬ್ರಿಡ್ಜಿನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ನಿಂತವರಿಗೆ ಮುಂದೆ ಕಾಣುವುದು ಪೇರಿಸಿಟ್ಟ ಪೆಟ್ಟಿಗೆಗಳು. ಮೂತಿಯ ಎದುರಿನ 500 ಮೀಟರ್ ನೀರು ಕಾಣದಿದ್ದರೂ ಅಂತಾರಾಷ್ಟ್ರೀಯ ನಿಯಮ ಒಪ್ಪುತ್ತದೆ. ಸಣ್ಣ ಹಡಗಾದರೆ ಅದರ ಉದ್ದದ ಎರಡರಷ್ಟು. ಅಂದರೆ ಅರ್ಧ ಕಿಲೋಮೀಟರ್ ಕುರುಡು, ಅದೂ ಕಾನೂನಿನ ಪ್ರಕಾರ.

ಬಡಿದ ಮೇಲಾದರೂ ಗೊತ್ತಾಗಬೇಕಲ್ಲ? ಅದೂ ಎಷ್ಟೋ ಸಲ ಆಗುವುದಿಲ್ಲ. 2024ರ ಮೇ ತಿಂಗಳಲ್ಲಿ ಒಂದು ಪ್ರವಾಸಿ ಹಡಗು ನ್ಯೂಯಾರ್ಕ್ ಬಂದರಿಗೆ ಬಂತು. ಅದರ ಮೂತಿಗೆ ಅಡ್ಡಲಾಗಿ 44 ಅಡಿ ಉದ್ದದ ಸೇ ತಿಮಿಂಗಿಲವೊಂದು ಸತ್ತು ಸಿಕ್ಕಿಕೊಂಡಿತ್ತು. ನಮ್ಮ ಒಂದು ಬಸ್ಸಿಗಿಂತ ಉದ್ದದ ಪ್ರಾಣಿ. ಹೀಗೆ ಮೂತಿಗೆ ಸಿಕ್ಕಿಕೊಂಡು ಬಂದವು ನಮ್ಮ ಕಣ್ಣಿಗೆ ಬೀಳುತ್ತವೆ. ಬಡಿದ ಪೆಟ್ಟಿಗೆ ಪಕ್ಕಕ್ಕೆ ಸರಿದು ಮುಳುಗಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ನಿಮ್ಮ ಹಾರ್ನ್ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಯಾಕೆಂದರೆ ಅದನ್ನು ನಿಜವಾಗಿಯೂ ಮಾಡಿ ನೋಡಿದ್ದಾರೆ. ಉತ್ತರ ಅಟ್ಲಾಂಟಿಕ್‌ನಲ್ಲಿ ರೈಟ್ ವೇಲ್ ಅಂತ ಒಂದು ಜಾತಿ ಇದೆ. ಈಗ ಇರುವುದು 400ಕ್ಕಿಂತ ಕಡಿಮೆ. ನಿಧಾನ ಈಜುತ್ತದೆ, ಸತ್ತರೆ ತೇಲುತ್ತದೆ, ಹಾಗಾಗಿ ಬೇಟೆಗೆ 'ಸರಿಯಾದ' ತಿಮಿಂಗಿಲ, ಅದಕ್ಕೇ ಆ ಹೆಸರು ಬಂತು ಎನ್ನುತ್ತಾರೆ. (ಎಂಥಾ ನಾಮಕರಣ ನೋಡಿ.) ಕೆನಡಾದ ಬೇ ಆಫ್ ಫಂಡಿಯಲ್ಲಿ ವಿಜ್ಞಾನಿಗಳು ಇವುಗಳ ಬೆನ್ನಿಗೆ ರಬ್ಬರ್ ಬಟ್ಟಲಿನಂಥ ಹಿಡಿಕೆಯಿಂದ ಸಣ್ಣ ಯಂತ್ರ ಅಂಟಿಸಿದರು. ಆಮೇಲೆ ನೀರಿನೊಳಗೆ ಎಚ್ಚರಿಕೆಯ ಸದ್ದು ಬಿಟ್ಟರು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಆರರಲ್ಲಿ ಐದು ತಿಮಿಂಗಿಲಗಳು ಮೇಯುವುದನ್ನು ಅರ್ಧಕ್ಕೇ ಬಿಟ್ಟು ಜೋರಾಗಿ ಮೇಲಕ್ಕೆ ಬಂದವು. ಬಂದು ನೀರಿನ ಮೇಲ್ಪದರದ ಕೆಳಗೇ, ಹಡಗು ಬಡಿಯುವ ಆಳದಲ್ಲೇ ನಿಂತವು! ಹಾರ್ನ್ ಹೊಡೆದಿದ್ದಕ್ಕೆ ದಾರಿ ಬಿಡುವ ಬದಲು ರಸ್ತೆಯ ನಡುವೆ ಬಂದು ನಿಂತ ಎಮ್ಮೆಯ ಹಾಗಾಯಿತು. ಅದೇ ಪ್ರಯೋಗದಲ್ಲಿ ಹಡಗಿನ ಸದ್ದನ್ನೂ ಕೇಳಿಸಿದರು. ಅದಕ್ಕೆ ಅವು ಕ್ಯಾರೇ ಅನ್ನಲಿಲ್ಲ. ದಿನವೂ ಕೇಳುವ ಗದ್ದಲ, ಅಲ್ವಾ?

ಹಡಗಿನ ಸದ್ದು ದಾರಿ ತಪ್ಪಿಸುವುದಕ್ಕೂ ಒಂದು ಕಾರಣ ಇದೆ. ಸದ್ದು ಹುಟ್ಟುವುದು ಹಿಂಬದಿಯಲ್ಲಿ, ಪಂಖದ ಹತ್ತಿರ. ಮುನ್ನೂರು ಮೀಟರ್ ಉದ್ದದ ಹಡಗಿನ ಒಡಲು ಅದಕ್ಕೆ ಅಡ್ಡ. ಸರಿಯಾಗಿ ಮೂತಿಯ ಎದುರಿಗೆ, ಎಲ್ಲಿ ಅಪಾಯ ಜಾಸ್ತಿಯೋ ಅಲ್ಲೇ, ಸದ್ದು ಕಡಿಮೆ. ನೀಲಿ ತಿಮಿಂಗಿಲವಂತೂ ಹಡಗು ಹತ್ತಿರ ಬಂದಾಗ ಪಕ್ಕಕ್ಕೆ ಈಜುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಗಮನಿಸಿದ ಹಾಗೆ, ಸುಮ್ನೆ ನಿಧಾನಕ್ಕೆ ಕೆಳಗೆ ಇಳಿಯುತ್ತದೆ. ಆ ನಿಧಾನ ಸಾಕಾಗುವುದಿಲ್ಲ.

ಇಲ್ಲಿಂದ ಮುಂದೆ ನಿಮ್ಮ ವಿಷಯ, ಲೆಕ್ಕ. ಹಡಗು 20 ನಾಟ್ ವೇಗದಲ್ಲಿದೆ ಅಂದುಕೊಳ್ಳಿ. ಗಂಟೆಗೆ 37 ಕಿಲೋಮೀಟರ್. ಮೂರು ಕಿಲೋಮೀಟರ್ ದೂರದಲ್ಲಿ ಯಾವುದೋ ಯಂತ್ರ ತಿಮಿಂಗಿಲ ಕಂಡುಹಿಡಿಯಿತು. ಕೈಯಲ್ಲಿರುವುದು ಐದು ನಿಮಿಷಕ್ಕೂ ಕಡಿಮೆ. ವೇಗ 10 ನಾಟ್ ಇದ್ದರೆ ಹತ್ತಿರ ಹತ್ತಿರ ಹತ್ತು ನಿಮಿಷ. ತುಂಬಿದ ಹಡಗು ನಿಲ್ಲುವುದಕ್ಕೆ ಕಿಲೋಮೀಟರ್‌ಗಟ್ಟಲೆ ಬೇಕು. ಬ್ರೇಕ್ ಒತ್ತಿದ ತಕ್ಷಣ ನಿಲ್ಲಲು ಅದೇನು ಆಟೋರಿಕ್ಷಾ ಅಲ್ಲ. ಇನ್ನೊಂದು ಅಂಕಿ: 2007ರಲ್ಲಿ ಪ್ರಕಟವಾದ ಲೆಕ್ಕಾಚಾರದ ಪ್ರಕಾರ, 15 ನಾಟ್ ವೇಗದ ಹಡಗು ಬಡಿದರೆ ದೊಡ್ಡ ತಿಮಿಂಗಿಲ ಸಾಯುವ ಸಂಭವ ಶೇ. 79. ವೇಗ 8.6 ನಾಟ್‌ಗೆ ಇಳಿದರೆ ಶೇ. 21. ಅಮೆರಿಕ 2008ರಲ್ಲಿ ಒಂದು ನಿಯಮ ತಂದಿತು. ಪೂರ್ವ ಕರಾವಳಿಯ ಕೆಲವು ಜಾಗಗಳಲ್ಲಿ, ರೈಟ್ ವೇಲ್ ಇರುವ ತಿಂಗಳುಗಳಲ್ಲಿ, 65 ಅಡಿ ಅಥವಾ ಅದಕ್ಕಿಂತ ಉದ್ದದ ಹಡಗುಗಳು 10 ನಾಟ್ ದಾಟುವಂತಿಲ್ಲ. ಅದಕ್ಕಿಂತ ಸಣ್ಣ ದೋಣಿಗಳಿಗೂ ಇದನ್ನು ಹಬ್ಬಿಸುವ ಪ್ರಸ್ತಾಪ 2022ರಲ್ಲಿ ಬಂತು, 2025ರ ಜನವರಿಯಲ್ಲಿ ಹಿಂದಕ್ಕೆ ಹೋಯಿತು.

ಹಾಗಾದರೆ ತಂತ್ರಜ್ಞಾನ ಯಾಕೆ ಬೇಕು? ಇಡೀ ಸಮುದ್ರದಲ್ಲಿ, ಇಡೀ ವರ್ಷ 10 ನಾಟ್‌ನಲ್ಲಿ ಹೋಗಿ ಅಂದರೆ ಯಾವ ಕಂಪನಿಯೂ ಕೇಳುವುದಿಲ್ಲ. ಎಲ್ಲಿ, ಯಾವಾಗ ನಿಧಾನ ಮಾಡಬೇಕು ಅಂತ ಹೇಳಬೇಕು. ಯಂತ್ರದ ಕೆಲಸ ಅದು. ಡಿಕ್ಕಿ ತಪ್ಪಿಸುವುದು ಯಂತ್ರವಲ್ಲ. ಇಷ್ಟನ್ನು ನಾನು ಆ ನಾಲ್ಕು ಸಾಲಿನಲ್ಲಿ ಹೇಳಬೇಕಿತ್ತು.

ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಜಲಸಂಧಿಯನ್ನೇ ತೆಗೆದುಕೊಳ್ಳಿ. ಲಾಸ್ ಏಂಜಲಿಸ್ ಬಂದರಿಗೆ ಹೋಗುವ ಹಡಗುಗಳ ದಾರಿ ಅದು. ನೀಲಿ ತಿಮಿಂಗಿಲಗಳು ಸಿಗಡಿಯಂಥ ಸಣ್ಣ ಕ್ರಿಲ್ ಮೇಯಲು ಬರುವ ಜಾಗವೂ ಅದೇ. 2020ರಲ್ಲಿ ಅಲ್ಲಿ ವೇಲ್ ಸೇಫ್ ಎಂಬ ವ್ಯವಸ್ಥೆ ಶುರುವಾಯಿತು. ನೀರಿನ ತಳದಲ್ಲಿ ಮೈಕ್, ಮೇಲೆ ತೇಲುವ ಬೋಯಾ. ಎರಡನ್ನೂ ಜೋಡಿಸುವುದು ರಬ್ಬರಿನ ಉದ್ದ ಕೊಳವೆ. ಅಲೆ ಎದ್ದಾಗ ಕೊಳವೆ ತನ್ನ ಉದ್ದದ ಎರಡರಷ್ಟು ಹಿಗ್ಗುತ್ತದೆ. ಅದರ ಗೋಡೆಯೊಳಗೆ ತಂತಿಗಳನ್ನು ಸುರುಳಿ ಸುತ್ತಿ ಇಟ್ಟಿರುತ್ತಾರೆ, ಹಿಗ್ಗಿದರೂ ತುಂಡಾಗುವುದಿಲ್ಲ. ಯಾಕಿಷ್ಟು ಉಸಾಬರಿ ಅಂದರೆ, ಸಾದಾ ಸರಪಳಿ ಹಾಕಿದರೆ ಅದರ ಕಟಕಟ ಸದ್ದೇ ಮೈಕಿಗೆ ಕೇಳುತ್ತದೆ, ತಿಮಿಂಗಿಲದ್ದಲ್ಲ. ಮೈಕ್ ಹಿಡಿದ ಕೂಗನ್ನು ಕಂಪ್ಯೂಟರ್ ಗುರುತಿಸಿ ಉಪಗ್ರಹದ ಮೂಲಕ ದಡಕ್ಕೆ ಕಳಿಸುತ್ತದೆ. ದಡದಲ್ಲಿ ಒಬ್ಬ ಮನುಷ್ಯ ಕೂತು "ಹೌದು, ಇದು ನೀಲಿ ತಿಮಿಂಗಿಲವೇ" ಅಂತ ಪರೀಕ್ಷಿಸಿದ ಮೇಲೇ ಸುದ್ದಿ ಮುಂದೆ ಹೋಗುತ್ತದೆ. ಇದಕ್ಕೆ ಇನ್ನೆರಡು ಮಾಹಿತಿ ಸೇರುತ್ತವೆ. ತಿಮಿಂಗಿಲ ತೋರಿಸುವ ಪ್ರವಾಸಿ ದೋಣಿಗಳಲ್ಲಿ ಪಳಗಿದವರು ಕಣ್ಣಾರೆ ಕಂಡಿದ್ದು ಒಂದು. ಸಮುದ್ರದ ಬಿಸಿ, ತಂಪು, ಹರಿವು ನೋಡಿ ಇಂದು ನೀಲಿ ತಿಮಿಂಗಿಲ ಎಲ್ಲಿರಬಹುದು ಅಂತ ಮಾಡುವ ಅಂದಾಜು ಇನ್ನೊಂದು.

ಆದರೆ ನನಗೆ ಹಿಡಿಸಿದ್ದು ಬೋಯಾ ಅಲ್ಲ. ಅವರು ಕೊಡುವ ಮಾರ್ಕ್ಸ್ ಕಾರ್ಡ್! ದೊಡ್ಡ ಹಡಗುಗಳೆಲ್ಲ ತಮ್ಮ ಹೆಸರು, ಜಾಗ, ವೇಗವನ್ನು ಎಐಎಸ್ ಎಂಬ ಉಪಕರಣದಿಂದ ಸದಾ ಸಾರುತ್ತಿರಬೇಕು. ಒಂದಕ್ಕೊಂದು ಡಿಕ್ಕಿ ಆಗದಿರಲಿ ಅಂತ ಮಾಡಿದ ವ್ಯವಸ್ಥೆ. ವೇಲ್ ಸೇಫ್‌ನವರು ಅದನ್ನೇ ನೋಡಿ, ನಿಧಾನ ಹೋಗಿ ಎಂದ ಜಾಗದಲ್ಲಿ ಯಾವ ಕಂಪನಿಯ ಹಡಗು ಎಷ್ಟು ದೂರ ನಿಧಾನ ಹೋಯಿತು ಅಂತ ಲೆಕ್ಕ ಹಾಕುತ್ತಾರೆ. 'ಎ'ಯಿಂದ 'ಎಫ್' ತನಕ ಗ್ರೇಡ್ ಕೊಟ್ಟು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಾರೆ. ಅಲ್ಲಿ ನಿಧಾನ ಹೋಗುವುದು ಕಡ್ಡಾಯವಲ್ಲ, ವಿನಂತಿ ಮಾತ್ರ. ಆದರೂ ನೋಟಿಸ್ ಬೋರ್ಡಿನಲ್ಲಿ ಫೇಲ್ ಅಂತ ಹೆಸರು ಬಂದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ತಿಮಿಂಗಿಲ ಎಲ್ಲಿದೆ ಅಂತ ಹುಡುಕುವ ಯಂತ್ರಕ್ಕಿಂತ, ಹಡಗು ಏನು ಮಾಡುತ್ತಿದೆ ಅಂತ ಕಾಯುವ ಯಂತ್ರವೇ ಹೆಚ್ಚು ಉಪಯೋಗಕ್ಕೆ ಬಂದೀತು ಅನ್ನುವುದು ನನ್ನ ಗುಮಾನಿ.

ಮೈಕಿಗೂ ಮಿತಿ ಇದೆ. ಕೂಗಿದರೆ ತಾನೇ ಕೇಳುವುದು? ಮರಿ ಇರುವ ರೈಟ್ ವೇಲ್ ತಾಯಿ ಹೆಚ್ಚಾಗಿ ಪಿಸುಮಾತಿನಲ್ಲೇ ಇರುತ್ತಾಳೆ. ಶತ್ರುವಿಗೆ ಮರಿಯ ಸುಳಿವು ಸಿಗದಿರಲಿ ಅಂತ ಇರಬೇಕು. ಯಾರನ್ನು ಮೊದಲು ಉಳಿಸಬೇಕೋ ಅವರೇ ಮೈಕಿಗೆ ಸಿಗುವುದಿಲ್ಲ. ನಾನು ಸುದ್ದಿ ಮಾಡಿದ ಕ್ಯಾಮೆರಾ ಬರುವುದು ಇಲ್ಲಿ. ಅದು ಶಾಖ ನೋಡುವ ಕ್ಯಾಮೆರಾ. ತಿಮಿಂಗಿಲ ಬಿಡುವ ಉಸಿರು ತಣ್ಣಗಿನ ಸಮುದ್ರದ ಎದುರು ಬೆಚ್ಚಗೆ ಹೊಳೆಯುತ್ತದೆ. ಕತ್ತಲಲ್ಲೂ ಕಾಣುತ್ತದೆ, ಕೆಲವು ಕಿಲೋಮೀಟರ್ ದೂರದಿಂದ. ಅಮೆರಿಕದ ವುಡ್ಸ್ ಹೋಲ್ ಸಂಸ್ಥೆಯವರು ಇದರ ಮೇಲೆ ಕೆಲಸ ಮಾಡಿದ್ದಾರೆ. ರಾತ್ರಿ ಮುಖ್ಯ ಯಾಕೆಂದರೆ ಕ್ಯಾಲಿಫೋರ್ನಿಯಾದ ನೀಲಿ ತಿಮಿಂಗಿಲಗಳು ಹಗಲಿಗಿಂತ ರಾತ್ರಿಯೇ ಜಾಸ್ತಿ ಹೊತ್ತು ಮೇಲ್ಪದರದಲ್ಲಿ ಇರುತ್ತವೆ. ದಟ್ಟ ಮಂಜು ಕವಿದರೆ ಮಾತ್ರ ಈ ಕ್ಯಾಮೆರಾದ ಆಟ ನಡೆಯುವುದಿಲ್ಲ. ಮತ್ತೆ ಆ ಐದು ನಿಮಿಷದ ಲೆಕ್ಕ ಇದ್ದೇ ಇದೆ.

ಕೆಲವು ಕಡೆ ಯಂತ್ರವೇ ಬೇಡ. ನಕ್ಷೆಯಲ್ಲಿ ಗೆರೆ ಬದಲಿಸಿದರೆ ಸಾಕು. ಅಮೆರಿಕದ ಬಾಸ್ಟನ್ ಬಂದರಿಗೆ ಹೋಗುವ ಹಡಗು ದಾರಿಯನ್ನು 2007ರಲ್ಲಿ ಸ್ವಲ್ಪ ಉತ್ತರಕ್ಕೆ ತಿರುಗಿಸಿದರು. ತಿಮಿಂಗಿಲ ಎಲ್ಲಿ ಹೆಚ್ಚು ಕಂಡಿದೆ ಎಂಬ ವರ್ಷಗಟ್ಟಲೆಯ ದಾಖಲೆ ಇಟ್ಟುಕೊಂಡು ಹಾಕಿದ ಗೆರೆ ಅದು. ಪ್ರಯಾಣ ಹತ್ತಿಪ್ಪತ್ತು ನಿಮಿಷ ಹೆಚ್ಚಾಯಿತು. ರೈಟ್ ವೇಲ್‌ಗೆ ಡಿಕ್ಕಿಯ ಅಪಾಯ ಶೇ. 58ರಷ್ಟು ಇಳಿಯುತ್ತದೆ ಅಂತ ಅಂದಾಜು.

ಇದೇ ಕಥೆ ನಮ್ಮ ಪಕ್ಕದಲ್ಲೂ ಇದೆ. ಶ್ರೀಲಂಕಾದ ದಕ್ಷಿಣ ತುದಿ ದೊಂಡ್ರಾ. ಸೂಯೆಜ್ ಕಡೆಯಿಂದ ಸಿಂಗಪುರ, ಚೀನಾಕ್ಕೆ ಹೋಗುವ ಹಡಗುಗಳೆಲ್ಲ ಅದರ ಹತ್ತಿರದಿಂದಲೇ ಹಾಯುತ್ತವೆ. ನೀಲಿ ತಿಮಿಂಗಿಲಗಳು ಮೇಯುವುದೂ ಅಲ್ಲೇ. ಅವು ಬೇರೆ ಕಡೆಯವರ ಹಾಗೆ ಧ್ರುವದ ತಂಪು ನೀರಿಗೆ ವಲಸೆ ಹೋಗದೆ ಬಿಸಿ ಸಮುದ್ರದಲ್ಲೇ ವರ್ಷವಿಡೀ ಇರುತ್ತವೆ. ಶ್ರೀಲಂಕಾದ ವಿಜ್ಞಾನಿ ಆಶಾ ಡಿ ವೋಸ್ ಇವುಗಳ ಹಿಂದೆ ವರ್ಷಗಳಿಂದ ಬಿದ್ದಿದ್ದಾರೆ. ದಾರಿಯನ್ನು 15 ನಾಟಿಕಲ್ ಮೈಲಿ, ಅಂದರೆ ಸುಮಾರು 28 ಕಿಲೋಮೀಟರ್, ದಕ್ಷಿಣಕ್ಕೆ ಸರಿಸಿದರೆ ಅಪಾಯ ಶೇ. 95ರಷ್ಟು ಕಡಿಮೆಯಾಗುತ್ತದೆ ಅಂತ ಅಧ್ಯಯನ ಹೇಳಿದೆ. 2022ರಲ್ಲಿ ಎಂಎಸ್‌ಸಿ ಎಂಬ ದೊಡ್ಡ ಹಡಗು ಕಂಪನಿ ಯಾರ ಕಾನೂನಿಗೂ ಕಾಯದೆ ತನ್ನ ಹಡಗುಗಳನ್ನು ದಕ್ಷಿಣಕ್ಕೆ ಸರಿಸಿತು. ನಿಮ್ಮ ಅಳಿಯ ಆ ದಾರಿಯಲ್ಲಿ ಹೋಗಿಯೇ ಇರುತ್ತಾನೆ, ಕೇಳಿ ನೋಡಿ.

ಕುಮಟಾದವರಿಗೆ ಇನ್ನೂ ಹತ್ತಿರದ್ದು ಹೇಳುತ್ತೇನೆ. ಅರಬ್ಬಿ ಸಮುದ್ರದಲ್ಲಿ ಗೂನುಬೆನ್ನಿನ ತಿಮಿಂಗಿಲಗಳ ಒಂದು ಸಣ್ಣ ಗುಂಪಿದೆ. ಒಮಾನ್ ಕಡೆ ಲೆಕ್ಕ ಹಾಕಿದ್ದು ನೂರಕ್ಕಿಂತ ಕಡಿಮೆ. ಇವೂ ಧ್ರುವಕ್ಕೆ ಹೋಗದ, ಬೇರೆ ಬಳಗದ ಸಂಪರ್ಕವೇ ಇಲ್ಲದ ಗುಂಪು. 2017ರಲ್ಲಿ ಒಮಾನ್‌ನಲ್ಲಿ ಒಂದು ಹೆಣ್ಣಿಗೆ ಉಪಗ್ರಹ ಟ್ಯಾಗ್ ಹಾಕಿದರು. ಅವಳ ಹೆಸರು ಲುಬಾನ್. ನಾವು ಲೋಬಾನ ಅನ್ನುತ್ತೇವಲ್ಲ, ಧೂಪಕ್ಕೆ ಹಾಕುವುದು, ಅದೇ ಪದ. ಅವಳು ಅರಬ್ಬಿ ಸಮುದ್ರವನ್ನು ಅಡ್ಡ ದಾಟಿ ಗೋವಾ ಕಡೆಗೆ ಬಂದಳು. ಅಲ್ಲಿಂದ ದಕ್ಷಿಣಕ್ಕೆ, ಭಾರತದ ತುದಿಯ ಕಡೆಗೆ ಹೊರಟಳು. ನಡುವೆ ಸಿಗುವುದು ನಮ್ಮದೇ ಕರಾವಳಿ. ಮಂಗಳೂರು, ಕೊಚ್ಚಿಗೆ ಬರುವ ಹಡಗುಗಳು ಓಡಾಡುವುದೂ ಅದೇ ನೀರಿನಲ್ಲಿ.

2024ರ ಕೊನೆಗೆ ನೀಲಿ, ಫಿನ್, ಗೂನುಬೆನ್ನು, ಸ್ಪರ್ಮ್ ಈ ನಾಲ್ಕು ಜಾತಿಗಳ ಬಗ್ಗೆ ಒಂದು ಜಾಗತಿಕ ಅಧ್ಯಯನ ಬಂತು. ಅವು ಇರುವ ಪ್ರದೇಶದ ಶೇ. 92ರಲ್ಲಿ ಹಡಗುಗಳ ಓಡಾಟ ಇದೆ. ಅತಿ ಅಪಾಯದ ಜಾಗಗಳಲ್ಲಿ ಏನಾದರೂ ಕ್ರಮ ಇರುವುದು ಶೇ. 7ಕ್ಕೂ ಕಡಿಮೆ ಕಡೆ. ಗಮನಿಸಬೇಕಾದ ಅಂಕಿ ಇದು: ಸಮುದ್ರದ ಇನ್ನು ಶೇ. 2.6 ಭಾಗದಲ್ಲಿ ಕ್ರಮ ಕೈಗೊಂಡರೆ ಆ ಅಪಾಯದ ಜಾಗಗಳೆಲ್ಲ ಒಳಗೆ ಬರುತ್ತವೆ. ಹಿಂದೂ ಮಹಾಸಾಗರ ಆ ಪಟ್ಟಿಯಲ್ಲಿ ಮೇಲೆಯೇ ಇದೆ.

ತಲೆಬರಹದ ತಿದ್ದುಪಡಿ ಈ ಸಂಚಿಕೆಯ ಕಿರುಸುದ್ದಿ ಪುಟದಲ್ಲೇ ಇದೆ, ನೋಡಿ. ಅಳಿಯನಿಗೆ ನನ್ನದೊಂದು ಕೋರಿಕೆ. ತಿಮಿಂಗಿಲ ಇದೆ, ನಿಧಾನ ಹೋಗಿ ಅಂತ ಸಂದೇಶ ಬಂದಾಗ ಬ್ರಿಡ್ಜಿನಲ್ಲಿ ನಿಜವಾಗಿ ಏನು ನಡೆಯುತ್ತದೆ? ಯಾರು ಯಾರನ್ನು ಕೇಳಬೇಕು? ಬಂದರು ತಲುಪುವುದು ಎರಡು ಗಂಟೆ ತಡವಾದರೆ ಫೋನ್ ಯಾರಿಗೆ ಬರುತ್ತದೆ? ಕಂಪನಿಯ ಹೆಸರು ಬೇಡ, ಅವನ ಹೆಸರೂ ಬೇಡ. ಎರಡು ಪುಟ ಬರೆದುಕೊಡಲಿ. ಈ ಸಲ ಎರಡು ಇಂಚಿನಲ್ಲಿ ಮುಗಿಸುವುದಿಲ್ಲ.